ಹೀಬ್ರೂ ಧರ್ಮಗ್ರಂಥಗಳಲ್ಲಿ ರೂಪವೂ ಹೃದಯವೂ



ವಿದ್ಯಾಭಿಮಾನಿಗಳಾದ ಗೃಹಸ್ಥರೊಬ್ಬರು ತಮ್ಮ ಗಳಿಕೆಯ ಒಂದಂಶವನ್ನು ಮೀಸಲಾಗಿರಿಸಿ, ನಾನಾ ಜನಾಂಗಗಳ ಧರ್ಮಗ್ರಂಥಗಳನ್ನು ಕುರಿತು ವರ್ಷಕ್ಕೊಮ್ಮೆ ಒಂದು ಉಪನ್ಯಾಸ ನಡೆಯಬೇಕೆಂದು ಏರ್ಪಡಿಸಿದ ಈ ದತ್ತಿಯ ವೇದಿಕೆಗೆ ನನ್ನನ್ನು ಬರಮಾಡಿಕೊಂಡದ್ದಕ್ಕಾಗಿ ನಾನು ಕೃತಜ್ಞನಾಗಿದ್ದೇನೆ. ಯೆಹೂದ್ಯರು ತೋರಾ, ಪ್ರವಾದಿಗಳು, ಬರಹಗಳು ಎಂದು ಮೂರು ಭಾಗವಾಗಿ ಎಣಿಸುವ, ಕ್ರೈಸ್ತರು ಹಳೆಯ ಒಡಂಬಡಿಕೆಯೆಂದು ಕರೆಯುವ ಹೀಬ್ರೂ ಗ್ರಂಥಸಮುಚ್ಚಯದಲ್ಲಿ ಮನುಷ್ಯನ ಹೊರಗಿನ ಚೆಲುವಿಗೂ ಒಳಗಿನ ಯೋಗ್ಯತೆಗೂ ಇರುವ ಸಂಬಂಧವನ್ನು ಈ ಸಂಜೆ ನಿಮ್ಮ ಮುಂದೆ ವಿಚಾರಿಸಬೇಕೆಂದು ಬಯಸುತ್ತೇನೆ. ಚೆಲುವು ಸುಳ್ಳು, ಗುಣವೇ ನಿಜ ಎಂಬ ಒಂದೇ ಮಾತಿನಲ್ಲಿ ಆ ಗ್ರಂಥಗಳ ಅಭಿಪ್ರಾಯವನ್ನು ಸಂಗ್ರಹಿಸಿ ಮುಗಿಸಿಬಿಡುವ ವಾಡಿಕೆ ಉಂಟು. ಮೂಲವನ್ನು ಸಾವಧಾನವಾಗಿ ಓದಿದವರಿಗೆ ಆ ಸಂಗ್ರಹದಿಂದ ತೃಪ್ತಿಯಾಗಲಾರದು. ಅಲ್ಲಿ ಚೆಲುವಿಗೆ ತಿರಸ್ಕಾರವಿಲ್ಲ. ಶಂಕೆಯಿರುವುದು ನೋಡುವ ಕಣ್ಣಿನ ವಿಷಯದಲ್ಲಿ.

ಚಂಪೂ ಕವಿಗಳ ಅಷ್ಟಾದಶ ವರ್ಣನೆಗಳಲ್ಲಿ ಮಿಂದು ಬೆಳೆದ ಕನ್ನಡದ ಓದುಗನಿಗೆ ಹೀಬ್ರೂ ಕಥನದಲ್ಲಿ ಮೊದಲು ಎದ್ದು ಕಾಣುವುದು ಅದರ ಮಿತಭಾಷಿತ್ವ. ಅಬ್ರಹಾಮನ ಮುಖ ಎಂತಹುದು, ಮೋಶೆಯ ಮೈಬಣ್ಣವೇನು, ಅತ್ತೆಯ ಕೈಬಿಡದೆ ಪರದೇಶಕ್ಕೆ ನಡೆದುಬಂದ ರೂತಳು ನೀಳವಾಗಿದ್ದಳೋ ಗಿಡ್ಡಾಗಿದ್ದಳೋ, ಇವೊಂದನ್ನೂ ಕಥೆಗಾರನು ಹೇಳುವುದಿಲ್ಲ. ಪ್ರೇಮಿಗಳಿಬ್ಬರು ಪರಸ್ಪರರ ಅಂಗಾಂಗಗಳನ್ನು ಸಂಕೋಚವಿಲ್ಲದೆ ಕೊಂಡಾಡುವ ಪರಮಗೀತವನ್ನು ಬಿಟ್ಟರೆ, ಉಳಿದೆಡೆಗಳಲ್ಲಿ ರೂಪದ ಮಾತು ಬಂದರೆ ಒಂದೆರಡು ಪದಗಳಲ್ಲಿ ಬಂದು ಹೋಗುತ್ತದೆ. ಆ ಒಂದೆರಡು ಪದ ಬಂತೆಂದರೆ ಏನೋ ಸಂಭವಿಸಲಿದೆಯೆಂದೇ ತಿಳಿಯಬೇಕು. ಸಾರಳು ಚೆಲುವೆಯೆಂಬುದು ನಮಗೆ ಗೊತ್ತಾಗುವುದು ಅವಳ ಗಂಡನು ಐಗುಪ್ತದ ಗಡಿಯಲ್ಲಿ ತನ್ನ ಪ್ರಾಣಕ್ಕೆ ಹೆದರಿದಾಗ. ಯೋಸೇಫನು ಸ್ಫುರದ್ರೂಪಿಯೆಂಬುದು ಗೊತ್ತಾಗುವುದು ಒಡೆಯನ ಹೆಂಡತಿ ಅವನ ಮೇಲೆ ಕಣ್ಣುಹಾಕುವುದಕ್ಕೆ ಕ್ಷಣಕಾಲ ಮುಂಚೆ. ಈ ಯೋಸೇಫನ ರೂಪವನ್ನು ಹೇಳುವ ಎರಡು ಪದಗಳು, ಆಕಾರವೆಂಬರ್ಥದ ‘ತೋಅರ್’ ಮತ್ತು ನೋಟವೆಂಬರ್ಥದ ‘ಮರ್‌ಎ’, ಆದಿಕಾಂಡದಲ್ಲಿ ಅವನ ತಾಯಿ ರಾಹೇಲಳಿಗೆ ಬಳಕೆಯಾದ ಪದಗಳೇ ಆಗಿವೆ. ತಾಯಿಯ ಚೆಲುವು ಮಗನಿಗೆ ಇಳಿದುಬಂದಿತೆಂಬುದನ್ನು ಕಥೆಗಾರನು ಹೇಳದೆಯೇ ಹೇಳಿದ್ದಾನೆ. ಶತಮಾನಗಳು ಕಳೆದು, ಯೆಶಾಯನ ಗ್ರಂಥದ 53ನೆಯ ಅಧ್ಯಾಯದಲ್ಲಿ ಜನರ ನೋವನ್ನು ತನ್ನ ಮೈಮೇಲೆ ಹೊತ್ತ ಸೇವಕನೊಬ್ಬನ ಚಿತ್ರ ಬರುವಲ್ಲಿ ಈ ಪದಗಳೆರಡೂ ಮರಳಿ ಬರುತ್ತವೆ, ಆದರೆ ನಿಷೇಧದೊಡನೆ: ಆತನಿಗೆ ತೋಅರ್ ಇರಲಿಲ್ಲ, ನೋಡಿ ಬಯಸುವಂತಹ ಮರ್‌ಎ ಇರಲಿಲ್ಲ. ರಾಹೇಲಳಿಗೂ ಯೋಸೇಫನಿಗೂ ಧಾರಾಳವಾಗಿ ಕೊಟ್ಟದ್ದನ್ನು ಪ್ರವಾದಿಯು ತನ್ನ ಮಹಾಪುರುಷನಿಂದ ಹೆಸರುಹಿಡಿದು ಹಿಂತೆಗೆದುಕೊಂಡಿದ್ದಾನೆ.

ಆದರೆ ಈ ವಿಷಯ ತನ್ನ ಪೂರ್ಣ ಗಾಂಭೀರ್ಯದಲ್ಲಿ ತೆರೆದುಕೊಳ್ಳುವುದು ಸಮುವೇಲನ ಗ್ರಂಥದಲ್ಲಿ. ಎರಡು ಭಾಗಗಳಾಗಿ ನಮಗೆ ದೊರೆಯುವ ಆ ಕೃತಿ ಮೂಲದಲ್ಲಿ ಒಂದೇ ಗ್ರಂಥ. ಇಸ್ರಾಯೇಲ್ಯರಿಗೆ ಅರಸರು ಬಂದ ಚರಿತ್ರೆಯೆಂದು ಅದನ್ನು ಓದುವುದು ಸರಿಯೇ. ನನಗಂತೂ ಅದು ಕಣ್ಣುಗಳ ಚರಿತ್ರೆಯಾಗಿಯೂ ತೋರಿದೆ.

ಗ್ರಂಥ ಪ್ರಾರಂಭವಾಗುವುದೇ ಒಂದು ತಪ್ಪು ನೋಟದಿಂದ. ಮಕ್ಕಳಿಲ್ಲದ ಹನ್ನಳೆಂಬ ಹೆಂಗಸು ಶೀಲೋವಿನ ದೇವಾಲಯದಲ್ಲಿ ಅಳುತ್ತ ಪ್ರಾರ್ಥಿಸುತ್ತಿದ್ದಾಳೆ. ಬಾಗಿಲ ಕಂಬದ ಬಳಿ ಪೀಠದ ಮೇಲೆ ಕುಳಿತ ವೃದ್ಧ ಯಾಜಕ ಏಲಿಯು ಅವಳ ಬಾಯನ್ನು ನೋಡುತ್ತಿದ್ದಾನೆ. ತುಟಿಗಳು ಅಲುಗುತ್ತಿವೆ, ದನಿ ಕೇಳಿಸದು. ಅವಳು ತನ್ನ ಹೃದಯದಲ್ಲಿ ಮಾತಾಡಿಕೊಳ್ಳುತ್ತಿದ್ದಳೆಂದು ಕಥೆಗಾರನು ನಮಗೆ ಮೊದಲೇ ತಿಳಿಸಿದ್ದಾನೆ. ತುಟಿಯನ್ನು ಮಾತ್ರ ಕಂಡ ಏಲಿಯು ಕುಡಿದು ಬಂದವಳೆಂದು ಅವಳನ್ನು ಗದರಿಸುತ್ತಾನೆ. ಆರಾಧನೆಗೆಂದು ಬಂದವರನ್ನು ದಿನವೂ ನೋಡುತ್ತ ಬಾಳು ಸವೆಸಿದ ಯಾಜಕನಿಗೆ ನಿಜವಾದ ಪ್ರಾರ್ಥನೆಯೊಂದು ಎದುರಿಗೆ ಬಂದಾಗ ಗುರುತು ಸಿಗಲಿಲ್ಲ. ಆ ಪ್ರಾರ್ಥನೆಯ ಫಲವಾಗಿ ಹುಟ್ಟಿದವನೇ ಸಮುವೇಲ. ಅವನು ಬೆಳೆದು ‘ರೋಎ’, ಅಂದರೆ ಕಾಣುವವನು, ದ್ರಷ್ಟಾರ, ಎಂದು ನಾಡಿಗೆಲ್ಲ ಹೆಸರಾಗುತ್ತಾನೆ.

ಕಾಣುವವನೆಂಬ ಬಿರುದು ಹೊತ್ತ ಈತನಿಗೆ ಅರಸನನ್ನು ಹುಡುಕುವ ಹೊಣೆ ಬಂತು. ತಂದೆಯ ಕಳೆದುಹೋದ ಕತ್ತೆಗಳನ್ನು ಹುಡುಕಿಕೊಂಡು ಬಂದ ಸೌಲನು ಅವನಿಗೆ ಎದುರಾದನು. ಇಸ್ರಾಯೇಲಿನಲ್ಲಿ ಅವನಷ್ಟು ಚೆಲುವನು ಮತ್ತೊಬ್ಬನಿರಲಿಲ್ಲ. ಜನರ ನಡುವೆ ನಿಂತರೆ ಹೆಗಲಿನಿಂದ ಮೇಲಕ್ಕೆ ಎಲ್ಲರಿಗಿಂತ ಎತ್ತರ. ಈ ಎತ್ತರದ ಮಾತು ಗ್ರಂಥದಲ್ಲಿ ಎರಡು ಸಲ ಬರುತ್ತದೆ. ಎರಡನೆಯ ಸಲ, ಸಮುವೇಲನು ಅವನನ್ನು ಜನಸಮೂಹಕ್ಕೆ ತೋರಿಸಿ ಇವನಿಗೆ ಸಮಾನರುಂಟೇ ಎಂದು ಕೇಳಿದಾಗ ಜನ ಜಯಘೋಷ ಮಾಡುತ್ತಾರೆ. ಆ ಘೋಷಕ್ಕೆ ಸ್ವಲ್ಪ ಮುಂಚೆ ಅದೇ ಎತ್ತರದ ಮನುಷ್ಯ ನಾಚಿಕೆಯಿಂದಲೋ ಭಯದಿಂದಲೋ ಸಾಮಾನು ಮೂಟೆಗಳ ನಡುವೆ ಅಡಗಿ ಕುಳಿತಿದ್ದನು. ಇದನ್ನು ಕುರಿತು ಜನ ಚಿಂತಿಸಿದಂತೆ ಕಾಣುವುದಿಲ್ಲ.

ಸೌಲನು ದೇವರ ಮಾತಿಗೆ ತಪ್ಪಿ ತಳ್ಳಲ್ಪಟ್ಟಮೇಲೆ, ಅವನಿಗಾಗಿ ಇನ್ನೂ ಶೋಕಿಸುತ್ತಲೇ ಇದ್ದ ಸಮುವೇಲನು ಹೊಸ ಅರಸನನ್ನು ಅಭಿಷೇಕಿಸಲು ಎಣ್ಣೆಯ ಕೊಂಬನ್ನು ಹಿಡಿದು ಬೇತ್ಲೆಹೇಮಿನ ಇಷಯನ ಮನೆಗೆ ಬರುವ 16ನೆಯ ಅಧ್ಯಾಯವನ್ನು ಪ್ರತಿಯೊಂದು ಶಬ್ದಕ್ಕೂ ನಿಂತು ನಿಂತು ಓದಬೇಕು. ಹಿರಿಯ ಮಗ ಎಲೀಯಾಬನು ಎದುರಿಗೆ ಬಂದ ಕೂಡಲೇ ಸಮುವೇಲನು ಅಭಿಷೇಕಕ್ಕೆ ಯೋಗ್ಯನಾದವನು ಇವನೇ ಎಂದು ಮನಸ್ಸಿನಲ್ಲಿ ನಿಶ್ಚಯಿಸಿಬಿಡುತ್ತಾನೆ. ಆಗ ಅವನಿಗೆ ಕೇಳಿಬಂದ ದೈವವಾಣಿ ಎಲೀಯಾಬನ ಎತ್ತರವನ್ನು ಹೇಳುವಾಗ ಬಳಸುವುದು ಹಿಂದೆ ಸೌಲನ ಎತ್ತರಕ್ಕೆ ಬಳಸಿದ್ದ ಪದವನ್ನೇ. ಇವನನ್ನು ತಳ್ಳಿಬಿಟ್ಟಿದ್ದೇನೆ ಎನ್ನುವಾಗ ಬಳಸುವುದೂ ಸೌಲನನ್ನು ತಳ್ಳಿಬಿಟ್ಟದ್ದಕ್ಕೆ ಬಳಸಿದ್ದ ಕ್ರಿಯಾಪದವನ್ನೇ. ಸೌಲನ ಸೋಲಿನಿಂದ ಎದೆ ಒಡೆದ ಮುದುಕನು ಇನ್ನೊಬ್ಬ ಸೌಲನನ್ನೇ ಹುಡುಕುತ್ತಿದ್ದನು! ಕಣ್ಣು ಒಮ್ಮೆ ಮೆಚ್ಚಿದ್ದನ್ನು, ಅದರಿಂದ ಪೆಟ್ಟು ತಿಂದಮೇಲೂ ಮತ್ತೆ ಮೆಚ್ಚುತ್ತದೆಯೆಂಬ ಸತ್ಯವನ್ನು ಇಷ್ಟು ಕರುಣೆಯಿಂದ ಹೇಳಿದ ಕಥೆಯನ್ನು ನಾನು ಬೇರೆ ಓದಿಲ್ಲ. ಮನುಷ್ಯನ ನೋಟ ಕಣ್ಣಿಗೆ ಬೀಳುವಷ್ಟರಲ್ಲಿಯೇ ನಿಲ್ಲುವುದೆಂದೂ ದೇವರ ನೋಟ ಹೃದಯವನ್ನು ಮುಟ್ಟುವುದೆಂದೂ ಆ ವಾಣಿ ಸಾರಿತು. ಅದನ್ನು ಕೇಳಿಸಿಕೊಂಡವನು ಸಾಮಾನ್ಯ ಗೃಹಸ್ಥನಲ್ಲ, ನಾನೇ ಕಾಣುವವನು ಎಂದು ಹಿಂದೆ ಸೌಲನ ಮುಂದೆ ತನ್ನ ಪರಿಚಯ ಹೇಳಿಕೊಂಡಿದ್ದ ದ್ರಷ್ಟಾರ. ಈ ಸೂಕ್ಷ್ಮವನ್ನು ಯೆಹೂದ್ಯರ ಪ್ರಾಚೀನ ವ್ಯಾಖ್ಯಾನಕಾರರು ಆಗಲೇ ಗುರುತಿಸಿದ್ದರು.

ಇಲ್ಲಿ ಹೃದಯವೆಂದು ನಾವು ಅನುವಾದಿಸುವ ಪದ ‘ಲೇವಾವ್’, ಇಲ್ಲವೆ ಅದರ ಹ್ರಸ್ವರೂಪವಾದ ‘ಲೇವ್’. ಹೀಬ್ರೂ ಭಾಷೆಯಲ್ಲಿ ಅದು ಕೇವಲ ಭಾವನೆಗಳ ತಾಣವಲ್ಲ. ಯೋಚಿಸುವುದು, ನಿಶ್ಚಯಿಸುವುದು, ನೆನಪಿಡುವುದು, ಸಂಕಲ್ಪಿಸುವುದು ಎಲ್ಲವೂ ಲೇವಾವಿನ ವ್ಯಾಪಾರವೇ. ಭಾವದ ತೀವ್ರತೆಯನ್ನು ಹೇಳಬೇಕಾದರೆ ಅವರು ಅನೇಕ ವೇಳೆ ಕರುಳನ್ನೂ ಮೂತ್ರಪಿಂಡವನ್ನೂ ಹೆಸರಿಸುತ್ತಾರೆ. ಕರುಳು ಕಿವಿಚಿತು ಎನ್ನುವ ಕನ್ನಡಿಗರಿಗೆ ಇದು ಹೊಸತೆನಿಸದು. ಆದಕಾರಣ ಲೇವಾವ್ ಎಂಬುದಕ್ಕೆ ನಮ್ಮ ‘ಅಂತಃಕರಣ’ ಎಂಬ ಶಬ್ದ, ಅದರ ಹಳೆಯ ಶಾಸ್ತ್ರಾರ್ಥದಲ್ಲಿ, ಹೃದಯಕ್ಕಿಂತ ಸಮೀಪವಾದುದೆಂದು ನನ್ನ ಅಭಿಪ್ರಾಯ. ದೇವರು ನೋಡುವುದು ಅಂತಃಕರಣವನ್ನು ಎಂದರೆ, ಮನುಷ್ಯನು ಏನನ್ನು ಅನುಭವಿಸುತ್ತಾನೆಂಬುದಕ್ಕಿಂತ ಹೆಚ್ಚಾಗಿ ಯಾವ ಕಡೆಗೆ ತಿರುಗಿ ನಿಂತಿದ್ದಾನೆಂಬುದನ್ನು ಎಂದು ಅರ್ಥ.

ಇಷಯನ ಏಳು ಮಂದಿ ಮಕ್ಕಳು ಎದುರಿಗೆ ಹಾದುಹೋದರು, ಯಾರೂ ಅಲ್ಲ. ಕುರಿ ಕಾಯುತ್ತಿದ್ದ ಕಿರಿಯನನ್ನು ಕರೆಸುವ ನೆನಪೂ ತಂದೆಗಿರಲಿಲ್ಲ. ಇಷ್ಟಾದಮೇಲೆ ಬರುವ ಹುಡುಗನು ರೂಪಹೀನನಾಗಿರಬೇಕೆಂದು, ಕಥೆಯ ನೀತಿ ಹಾಗೆ ಬೇಡುತ್ತದೆಂದು, ಓದುಗನು ನಿರೀಕ್ಷಿಸುತ್ತಾನೆ. ಆದರೆ ದಾವೀದನು ಕೆಂಪು ಛಾಯೆಯವನು, ಸುಂದರವಾದ ಕಣ್ಣುಳ್ಳವನು, ನೋಡುವುದಕ್ಕೆ ಒಳ್ಳೆಯವನು! ರೂಪವನ್ನು ನೋಡಬೇಡವೆಂದು ಹೇಳಿದ ಐದು ವಚನಗಳೊಳಗಾಗಿ ಕಥೆಗಾರನು ರೂಪವನ್ನು ನಮ್ಮ ಕಣ್ಣ ಮುಂದೆ ಹಿಡಿಯುತ್ತಾನೆ. ಇದನ್ನು ಕಂಡು ಗಲಿಬಿಲಿಗೊಂಡವರು ಅನೇಕರು. ಅರಸನನ್ನು ಸುಂದರನೆಂದು ಹೇಳುವುದು ಆ ಕಾಲದ ಕವಿಸಮಯವೆಂದು ಕೆಲವರು ಸಮಾಧಾನ ಹೇಳುತ್ತಾರೆ. ನನಗೆ ಅಷ್ಟು ಸಾಲದು. ದಾವೀದನ ಚೆಲುವನ್ನು ಹೇಳಿದ ಮೇಲೆ, ಎದ್ದು ಇವನನ್ನು ಅಭಿಷೇಕಿಸು ಎಂಬ ಆಜ್ಞೆ ಬರುತ್ತದೆ. ಆದರೆ ಆ ಚೆಲುವಿನ ಕಾರಣದಿಂದ ಎಂಬ ಮಾತು ಅಲ್ಲಿಲ್ಲ, ಆ ಚೆಲುವಿದ್ದರೂ ಎಂಬ ಮಾತೂ ಇಲ್ಲ. ಎಲೀಯಾಬನ ಮುಂದೆ ಸಮುವೇಲನು ನಿಂತಿದ್ದ ಸ್ಥಳದಲ್ಲಿಯೇ ಕಥೆಗಾರನು ಈಗ ನಮ್ಮನ್ನು ನಿಲ್ಲಿಸುತ್ತಾನೆ. ಕಣ್ಣು ಹಿಗ್ಗಲಿ, ಹಿಗ್ಗುವುದರಲ್ಲಿ ದೋಷವಿಲ್ಲ. ಆದರೆ ಹಿಗ್ಗಿದ ಕಣ್ಣು ಏನನ್ನಾದರೂ ತಿಳಿದಂತಾಯಿತೇ ಎಂಬುದು ಅವನ ಪ್ರಶ್ನೆ. ಕುರೂಪವನ್ನೇ ಸದ್ಗುಣದ ಲಕ್ಷಣವೆಂದು ಬಗೆಯುವವನೂ ರೂಪವನ್ನೇ ನೋಡಿ ತೀರ್ಪು ಕೊಟ್ಟವನಾಗುತ್ತಾನೆ. ಮುಂದಿನ ಅಧ್ಯಾಯದಲ್ಲಿ ಫಿಲಿಷ್ಟಿಯರ ಗೊಲ್ಯಾತನು ಮಾಡುವುದೂ ಇದನ್ನೇ: ಅವನು ದಾವೀದನನ್ನು ನೋಡಿದನು, ಸುಂದರನಾದ ಎಳೆಯನೆಂದು ಕಂಡನು, ಹೀನೈಸಿದನು. ಸಮುವೇಲನಿಗೆ ಯೋಗ್ಯತೆಯ ಗುರುತಾಗಿ ಕಂಡದ್ದು ಗೊಲ್ಯಾತನಿಗೆ ಅಯೋಗ್ಯತೆಯ ಗುರುತಾಯಿತು.

ದಾವೀದನ ಮಗನಾದ ಅಬ್ಷಾಲೋಮನ ವೃತ್ತಾಂತವು ಇದೇ ಗ್ರಂಥದ ಎರಡನೆಯ ಭಾಗದಲ್ಲಿ ಬರುತ್ತದೆ. ಇಸ್ರಾಯೇಲಿನಲ್ಲೆಲ್ಲ ಚೆಲುವಿಗಾಗಿ ಅವನಷ್ಟು ಹೊಗಳಿಸಿಕೊಂಡವನಿಲ್ಲ. ಅಂಗಾಲಿನಿಂದ ನಡುನೆತ್ತಿಯವರೆಗೆ ಒಂದು ಕುಂದೂ ಇಲ್ಲದವನು. ಕುಂದು ಎಂಬರ್ಥದ ‘ಮೂಮ್’ ಎಂಬ ಪದ ಯಾಜಕಕಾಂಡದಲ್ಲಿ ಬಲಿಪೀಠಕ್ಕೆ ತರುವ ಪಶುವಿನ ವಿಷಯದಲ್ಲಿ ಬರುವಂತಹುದೆಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ವರ್ಷಕ್ಕೊಮ್ಮೆ ಭಾರ ತಾಳಲಾರದೆ ತಲೆಗೂದಲನ್ನು ಕತ್ತರಿಸಿಕೊಂಡರೆ ಅದು ಅರಸನ ತೂಕದಲ್ಲಿ 200 ಶೆಕೆಲ್ ತೂಗುತ್ತಿತ್ತೆಂದು ಗ್ರಂಥ ಹೇಳುತ್ತದೆ; ಒಂದು ಶೆಕೆಲನ್ನು 11 ಗ್ರಾಮಿನಂತೆ ಎಣಿಸಿದರೂ ಅದು ಎರಡು ಕಿಲೋವನ್ನು ಮೀರುವುದು. ವರ್ಣನೆಯಲ್ಲಿ ಇಷ್ಟು ಜಿಪುಣನಾದ ಕಥೆಗಾರನು ಕೂದಲನ್ನು ತಕ್ಕಡಿಗೆ ಹಾಕಿ ತೋರಿಸಿದ್ದಾನೆಂದರೆ ಅದು ಸುಮ್ಮನೆ ಅಲ್ಲ. ಊರ ಬಾಗಿಲಲ್ಲಿ ನಿಂತು, ನ್ಯಾಯ ಬೇಡಿ ಬಂದವರ ಕೈಹಿಡಿದು ಮುದ್ದಿಟ್ಟು, ನಾನು ನ್ಯಾಯಾಧಿಪತಿಯಾಗಿದ್ದರೆ ನಿಮ್ಮ ಕಷ್ಟ ತೀರುತ್ತಿತ್ತೆಂದು ಮರುಗಿ, ಅಬ್ಷಾಲೋಮನು ಜನರ ಹೃದಯವನ್ನು ಕದ್ದನು. ಕದ್ದನು ಎಂಬ ಕ್ರಿಯಾಪದ ಮೂಲದ್ದೇ. ತಂದೆಯ ಮೇಲೆ ದಂಗೆಯೆದ್ದು ಸೋತು, ಹೇಸರಗತ್ತೆಯ ಮೇಲೆ ಓಡುತ್ತಿರುವಾಗ ದೊಡ್ಡ ಏಲಾ ವೃಕ್ಷದ ಕೊಂಬೆಗಳಲ್ಲಿ ಅವನ ತಲೆ ಸಿಕ್ಕಿಕೊಂಡಿತು. ಹೇಸರಗತ್ತೆ ಮುಂದಕ್ಕೆ ಹೋಯಿತು, ಅವನು ಭೂಮ್ಯಾಕಾಶಗಳ ನಡುವೆ ತೂಗಿದನು. ಸೇನಾಪತಿ ಯೋವಾಬನು ಮೂರು ಈಟಿಗಳನ್ನು ಚುಚ್ಚಿದನು. ಎಲ್ಲಿಗೆ? ಮೂಲದಲ್ಲಿ ಒಂದೇ ವಾಕ್ಯದೊಳಗೆ ‘ಲೇವ್’ ಎರಡು ಸಲ ಬಂದಿದೆ: ಅಬ್ಷಾಲೋಮನ ಹೃದಯದೊಳಕ್ಕೆ, ಅವನಿನ್ನೂ ಆ ವೃಕ್ಷದ ಹೃದಯದಲ್ಲಿ ಜೀವಂತನಾಗಿದ್ದಾಗಲೇ. ಇತರರ ಹೃದಯವನ್ನು ಕದ್ದವನಿಗೂ ಒಂದು ಹೃದಯವಿತ್ತೆಂಬುದು ಈಟಿ ಅದನ್ನು ಹೊಕ್ಕಾಗಲೇ ಕಥೆಯಲ್ಲಿ ಕಾಣುವುದು.

ಇದನ್ನೆಲ್ಲ ಕೇಳಿ, ಹೀಬ್ರೂ ಗ್ರಂಥಗಳು ಸೌಂದರ್ಯದ್ವೇಷಿಗಳೆಂದು ಯಾರೂ ಭಾವಿಸಬಾರದು. ಮರುಭೂಮಿಯಲ್ಲಿ ಕಟ್ಟಿದ ದೇವದರ್ಶನದ ಗುಡಾರಕ್ಕೆ ನೀಲಿ, ಧೂಮ್ರ, ರಕ್ತವರ್ಣಗಳ ನೂಲು ಬೇಕು, ನಯವಾದ ನಾರಿನ ಬಟ್ಟೆ ಬೇಕು. ಯಾಜಕನ ಉಡುಪು ಗೌರವಕ್ಕೂ ಅಲಂಕಾರಕ್ಕೂ ತಕ್ಕುದಾಗಿರಬೇಕೆಂದು ವಿಮೋಚನಕಾಂಡವೇ ವಿಧಿಸುತ್ತದೆ. ಆ ಗುಡಾರದ ರಚನೆಯನ್ನು ಸ್ವಲ್ಪ ಗಮನಿಸಿ. ಕೆರೂಬಿಗಳೆಂಬ ದಿವ್ಯಜೀವಿಗಳ ಚಿತ್ರವನ್ನು ನೆಯ್ದ ಬಣ್ಣದ ಹತ್ತು ಪರದೆಗಳು ಒಳಗಡೆ. ಅದರ ಮೇಲೆ ಆಡಿನ ಕೂದಲಿನ ಹನ್ನೊಂದು ಪರದೆಗಳು. ಅದರ ಮೇಲೆ ಕೆಂಪು ಬಣ್ಣ ಹಾಕಿದ ಟಗರಿನ ಚರ್ಮ. ಎಲ್ಲಕ್ಕೂ ಮೇಲೆ ಇನ್ನೊಂದು ಬಗೆಯ ತೊಗಲಿನ ಹೊದಿಕೆ. ದೂರದಿಂದ ನೋಡಿದವನಿಗೆ ಕಾಣುವುದು ತೊಗಲು. ನೇಯ್ಗೆಯವರ ಉತ್ತಮೋತ್ತಮ ಕೌಶಲವೆಲ್ಲ ಒಳಹೊಕ್ಕವರಿಗೆ ಮಾತ್ರ ಮೀಸಲು. ಆ ಗುಡಾರದೊಳಗೆ ಇಡುವ, ಜಾಲೀಮರದಿಂದ ಮಾಡಿದ ಮಂಜೂಷಕ್ಕೆ ಒಳಗೂ ಹೊರಗೂ ಚಿನ್ನದ ತಗಡನ್ನು ಹೊದಿಸಬೇಕೆಂಬ ಆಜ್ಞೆಯನ್ನು ಹಿಡಿದು, ಒಳಗು ಹೊರಗಿನಂತೆ ಇಲ್ಲದ ವಿದ್ವಾಂಸನು ವಿದ್ವಾಂಸನೇ ಅಲ್ಲವೆಂಬ ತೀರ್ಮಾನಕ್ಕೆ ತಾಲ್ಮೂದಿನ ಪಂಡಿತರು ಬಂದರು. ಮುಚ್ಚಿದ ಪೆಟ್ಟಿಗೆಯ ಒಳಮೈಯನ್ನು ಯಾರು ನೋಡಬೇಕು? ಆದರೂ ಅಲ್ಲಿ ಚಿನ್ನವಿರಬೇಕು. ಒಂದು ಮಾತನ್ನು ಮಾತ್ರ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕಾಗಿದೆ: ಯಾಜಕಕಾಂಡದ 21ನೆಯ ಅಧ್ಯಾಯವು ಅಂಗವಿಕಲನಾದ ಯಾಜಕನಿಗೆ ಪವಿತ್ರ ಆಹಾರದಲ್ಲಿ ಪಾಲು ಕೊಟ್ಟರೂ ಬಲಿಪೀಠದ ಬಳಿಗೆ ಬರಗೊಡುವುದಿಲ್ಲ. ಸಮುವೇಲನಿಗೆ ಕೇಳಿಬಂದ ವಾಣಿಯೂ ಈ ವಿಧಿಯೂ ಒಂದೇ ಗ್ರಂಥಸಮುಚ್ಚಯದಲ್ಲಿ ಅಕ್ಕಪಕ್ಕದಲ್ಲಿವೆ, ಮತ್ತು ಇವೆರಡನ್ನೂ ಸುಲಭವಾಗಿ ಹೊಂದಿಸಿಬಿಡುವ ವ್ಯಾಖ್ಯಾನಗಳಲ್ಲಿ ನನಗೆ ನಂಬಿಕೆಯಿಲ್ಲ.

ಜ್ಞಾನೋಕ್ತಿಗಳ ಕೊನೆಯ ಅಧ್ಯಾಯದಲ್ಲಿ ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಿಂದ ಕ್ರಮವಾಗಿ ಮೊದಲಾಗುವ 22 ವಚನಗಳ ಒಂದು ಸ್ತುತಿಪದ್ಯವುಂಟು. ಶುಕ್ರವಾರದ ಸಂಜೆ ಸಬ್ಬತ್ತನ್ನು ಬರಮಾಡಿಕೊಳ್ಳುವಾಗ ಯೆಹೂದ್ಯರ ಮನೆಗಳಲ್ಲಿ ಅದನ್ನು ಇಂದಿಗೂ ಹಾಡುತ್ತಾರೆ. ಅಲ್ಲಿ ಸ್ತುತಿಸಲ್ಪಟ್ಟವಳು ‘ಏಶೆತ್ ಹಯಿಲ್’. ಗುಣವತಿಯಾದ ಸತಿ ಎಂದು ಅನುವಾದಿಸುವುದುಂಟಾದರೂ ಹಯಿಲ್ ಎಂದರೆ ಬಲ, ಪರಾಕ್ರಮ. ರಣಶೂರರಿಗೆ ಬಳಸುವ ಪದ. ಹೊಲಗಳಲ್ಲಿ ಹಕ್ಕಲಾಯ್ದ ರೂತಳನ್ನು ಹೊಲದೊಡೆಯ ಬೋವಜನು ಕರೆದದ್ದೂ ಇದೇ ಪದದಿಂದ. ಆ ಪದ್ಯದಲ್ಲಿ ಅವಳ ಮುಖವಿಲ್ಲ. ಕದಿರು ಹಿಡಿದ ಕೈಯುಂಟು, ಬಡವನಿಗೆ ಚಾಚಿದ ಕೈಯುಂಟು, ಕೆಲಸಕ್ಕೆ ಬಲಗೊಳಿಸಿಕೊಂಡ ತೋಳುಂಟು. ಕೊನೆಯಲ್ಲಿ ಚೆಲುವನ್ನು ‘ಹೆವೆಲ್’ ಎಂದು ಕರೆದಿದೆ. ಅದನ್ನು ವ್ಯರ್ಥವೆಂದು ಹೇಳಿ ಮುಂದೆ ಸಾಗಿದರೆ ಪದದ ಜೀವ ಹೋಗುತ್ತದೆ. ಹೆವೆಲ್ ಎಂದರೆ ಉಸಿರು, ಚಳಿಗಾಲದ ಬೆಳಗಿನಲ್ಲಿ ಬಾಯಿಂದ ಹೊರಟು ಕ್ಷಣದಲ್ಲಿ ಕರಗುವ ಆವಿ. ಉಸಿರು ಸುಳ್ಳಲ್ಲ. ಅದು ನಿಲ್ಲುವುದಿಲ್ಲ, ಅಷ್ಟೆ.

ಮತ್ತೆ ದಾವೀದನ ಬಳಿಗೆ ಬರೋಣ. ಹೃದಯವನ್ನು ನೋಡಿ ಆರಿಸಿದ ಈ ಅರಸನೇ ಒಂದು ಸಂಜೆ ಅರಮನೆಯ ಮಾಳಿಗೆಯ ಮೇಲೆ ತಿರುಗಾಡುತ್ತ ಸ್ನಾನ ಮಾಡುತ್ತಿದ್ದ ಬತ್ಷೆಬೆಯನ್ನು ನೋಡಿದನು. ನೋಟಕ್ಕೆ ಬಹಳ ಒಳ್ಳೆಯವಳೆಂದು ಗ್ರಂಥ ಹೇಳುತ್ತದೆ. ಸುಂದರವಾದ ಕಣ್ಣುಗಳೆಂದು ಹೊಗಳಿಸಿಕೊಂಡ ಕಣ್ಣುಗಳೇ ಅವನನ್ನು ಕೆಡಿಸಿದವು. ಅವಳ ಗಂಡನಾದ ಊರೀಯನು ಕಾಳಗದ ಮುಂಚೂಣಿಯಲ್ಲಿ ಸತ್ತನು, ಸಾಯುವಂತೆ ಏರ್ಪಾಡಾಯಿತು. ಹಾಗಾದರೆ ದೇವರು ಕಂಡ ಹೃದಯವಾದರೂ ಎಂತಹುದು? ನನಗೆ ಉತ್ತರ ದೊರೆಯುವುದು ಎರಡು ತಪ್ಪೊಪ್ಪಿಗೆಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿದಾಗ. ಸಮುವೇಲನು ಖಂಡಿಸಿದಾಗ ಸೌಲನೂ ಪಾಪಮಾಡಿದೆನೆಂದು ಒಪ್ಪಿಕೊಂಡನು; ಒಪ್ಪಿಕೊಂಡ ಉಸಿರಿನಲ್ಲಿಯೇ, ಹಿರಿಯರ ಮುಂದೆಯೂ ಪ್ರಜೆಗಳ ಮುಂದೆಯೂ ತನ್ನ ಮಾನವನ್ನು ಉಳಿಸಿಕೊಡೆಂದು ಬೇಡಿದನು. ಬಡವನ ಒಂದೇ ಕುರಿಮರಿಯ ಕಥೆಯನ್ನು ಹೇಳಿ ಪ್ರವಾದಿ ನಾತಾನನು ಬೆರಳು ತೋರಿಸಿದಾಗ ದಾವೀದನು ಆಡಿದ್ದು, ಹೀಬ್ರೂವಿನಲ್ಲಿ, ಎರಡೇ ಪದ. ಕಾರಣ ಹೇಳಲಿಲ್ಲ, ಯಾರ ಮುಂದೆಯೂ ಮುಖ ಉಳಿಸಿಕೊಡೆಂದು ಕೇಳಲಿಲ್ಲ. ಅವನ ಯೋಗ್ಯತೆ ನಿಷ್ಕಳಂಕತೆಯಲ್ಲಿರಲಿಲ್ಲ. ಕಳಂಕ ಬಯಲಾದಾಗ ಅದನ್ನು ಮುಚ್ಚುವುದಕ್ಕೆ ಬಟ್ಟೆ ಹುಡುಕದೆ ನಿಂತುಕೊಂಡದ್ದರಲ್ಲಿತ್ತು.

ಆದರೂ ಸೌಲನನ್ನು ಹೀಗೆ ಬಿಟ್ಟುಹೋಗಲು ನನಗೆ ಮನಸ್ಸು ಬಾರದು, ಕಥೆಗಾರನಿಗೂ ಬರಲಿಲ್ಲ. ಅರಸನಾದ ಹೊಸತರಲ್ಲಿ, ಅಮ್ಮೋನಿಯರ ನಾಹಾಷನು ಯಾಬೇಷ್ ಗಿಲ್ಯಾದೆಂಬ ಊರನ್ನು ಮುತ್ತಿ, ಪಟ್ಟಣಿಗರೆಲ್ಲರ ಬಲಗಣ್ಣನ್ನು ಕೀಳುವುದೇ ಸಂಧಿಯ ಕರಾರೆಂದು ಬೆದರಿಸಿದ್ದನು. ಹೊಲದಿಂದ ಎತ್ತುಗಳ ಹಿಂದೆ ಬರುತ್ತಿದ್ದ ಸೌಲನು ಜನರ ಅಳುವನ್ನು ಕೇಳಿ, ಕೋಪದಿಂದ ಉರಿದು, ದಂಡು ಕೂಡಿಸಿಕೊಂಡು ಬಂದು ಅವರನ್ನು ಬಿಡಿಸಿದನು. ಅನೇಕ ವರ್ಷಗಳ ಮೇಲೆ ಗಿಲ್ಬೋವದ ಬೆಟ್ಟದಲ್ಲಿ ಅವನು ಸೋತು ಸತ್ತಾಗ, ಎಲ್ಲರಿಗಿಂತ ಒಂದು ತಲೆ ಎತ್ತರವಾಗಿದ್ದ ಅವನ ತಲೆಯನ್ನು ಫಿಲಿಷ್ಟಿಯರು ಕಡಿದರು. ಮುಂಡವನ್ನು ಬೇತ್‌ಷೆಯಾನಿನ ಕೋಟೆಗೋಡೆಗೆ ತೂಗುಹಾಕಿದರು. ಜನ ಹಿಂದೊಮ್ಮೆ ಜಯಘೋಷ ಮಾಡಿದ ರೂಪದಲ್ಲಿ ಇನ್ನು ಏನೂ ಉಳಿದಿರಲಿಲ್ಲ. ಆಗ ಯಾಬೇಷ್ ಗಿಲ್ಯಾದಿನ ಶೂರರು, ಅಂದು ಕಣ್ಣುಳಿಸಿಕೊಂಡ ಊರಿನವರು, ಎದ್ದು ರಾತ್ರಿಯೆಲ್ಲ ನಡೆದರು. ಅವನ ಶರೀರವನ್ನೂ ಅವನ ಮಕ್ಕಳ ಶರೀರಗಳನ್ನೂ ಗೋಡೆಯಿಂದ ಇಳಿಸಿ ತಮ್ಮ ಊರಿಗೆ ತಂದರು. ಸುಟ್ಟು, ಎಲುಬುಗಳನ್ನು ಆಯ್ದು ಒಂದು ಮರದ ಬುಡದಲ್ಲಿ ಹೂಳಿ, ಏಳು ದಿನ ಉಪವಾಸವಿದ್ದರು.